ರಸ್ತೆಬದಿಯ ಕಲ್ಲಿನ ಮೂರನೆಯ ಹೆಸರು

ಆದವಾನಿಯಿಂದ ಕೌತಾಳಂಗೆ ಹೋಗುವ ರಸ್ತೆ ನಮ್ಮ ಊರಿನ ಬಳಿ ಹಳ್ಳವೊಂದನ್ನು ತಪ್ಪಿಸಿಕೊಳ್ಳಲು ಎಡಕ್ಕೆ ಬಾಗುತ್ತದೆ. ಆ ಬಾಗಿನಲ್ಲಿ ಆರು ಕಲ್ಲುಗಳು ನಿಂತಿವೆ. ಐದು ಹಳೆಯವು, ಒಂದೊಂದರಲ್ಲೂ ಈಟಿ ಹಿಡಿದ ಒಬ್ಬ ಗಂಡಸು, ಅವನ ಕಾಲ ಬಳಿ ದನವೋ ನಾಯಿಯೋ, ಮೇಲಿನ ಅಂಕಣದಲ್ಲಿ ಅವನನ್ನು ತೋಳು ಹಿಡಿದು ಒಯ್ಯುತ್ತಿರುವ ಇಬ್ಬರು ಹೆಂಗಸರು. ಯಾವ ಕಾಳಗ, ಯಾರ ದನ ಎಂಬುದನ್ನು ಊರು ಎಂದೋ ಮರೆತಿದೆ. ಆದರೂ ಕುರಿ ಹೊಡೆದುಕೊಂಡು ಹೋಗುವವರು ಅಲ್ಲಿಗೆ ಬಂದಾಗ ಹೆಗಲ ಕಂಬಳಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಎಲೆಯಲ್ಲಿ ಅನ್ನ, ಬೆಲ್ಲ, ತುಪ್ಪ ತಂದು ಸತ್ತವರಿಗೆಂದು ಎಡೆ ಇಡುತ್ತಾರೆ.

ಆರನೆಯ ಕಲ್ಲು ನನ್ನದು. ಹಾಗೆನ್ನುವುದು ಪೂರ್ತಿ ಸರಿಯಲ್ಲವೆಂದು ಬಲ್ಲೆ. ಆಜ್ಞೆ ಸರ್ಕಾರದ್ದು, ಉಳಿ ಕಲ್ಲುಕುಟಿಗನದು. ಆದರೆ ಅದರ ಮೇಲಿರುವ ವಾಕ್ಯ ನಾನು ಕಟ್ಟಿದ್ದು. ಹೆಸರುಗಳ ಕ್ರಮ ನಾನು ಹಿಡಿದ ಹಟ. ಆ ಕ್ರಮಕ್ಕಾಗಿ ನಾನು ಏಳು ವರ್ಷಗಳಿಂದ ಈ ಊರಿನಲ್ಲಿ ಉಳಿದಿದ್ದೇನೆ.

ಆಗ ನಾನು ಇಲ್ಲಿನ ಶಾಲೆಯ ಏಕೈಕ ಉಪಾಧ್ಯಾಯ. ನನ್ನ ತರಗತಿಯಲ್ಲಿ ಅರ್ಧ ವಾಕ್ಯದ ಉತ್ತರಕ್ಕೆ ಬೆಲೆಯಿರಲಿಲ್ಲ. ಹಾಜರಿ ಪಟ್ಟಿ, ಸ್ಲೇಟುಗಳನ್ನು ಜೋಡಿಸುವ ರೀತಿ, ನೀರು ಕುಡಿಯಲು ಬಿಡುವ ಸರದಿ ಎಲ್ಲವೂ ವರ್ಣಮಾಲೆಯ ಅನುಕ್ರಮದಲ್ಲಿ ನಡೆಯುತ್ತಿದ್ದವು. ಹಾಗೆ ನಡೆದರೆ ಯಾರೂ ಯಾರ ಮೇಲೂ ಪಕ್ಷಪಾತದ ದೂರು ಹೊರಿಸುವಂತಿಲ್ಲವೆಂದು ನಂಬಿದ್ದೆ. ಇಂದಿಗೂ ಆ ನಂಬಿಕೆಯಲ್ಲಿ ತಪ್ಪು ಕಾಣುವುದಿಲ್ಲ. ಅದನ್ನು ಶಾಲೆಯಿಂದ ರಸ್ತೆಗೆ ಒಯ್ದದ್ದು ತಪ್ಪಾಯಿತು.

ಎರಡನೆಯ ಮಹಾಯುದ್ಧಕ್ಕೆ ನಮ್ಮ ಊರಿನಿಂದ ಐವರು ಹೋಗಿದ್ದರು. ಎಲ್ಲರೂ ಕುರಿ ಕಾಯುವವರ ಮತ್ತು ಹೊಲದ ಕೂಲಿಯವರ ಮನೆಯವರು. ಇಬ್ಬರು ಸತ್ತ ಸುದ್ದಿಯ ಕಾಗದಗಳನ್ನು ಆಯಾ ಮನೆಯ ಅಂಗಳದಲ್ಲಿ ನಿಂತು ಓದಿದವನು ನಾನೇ. ಉಳಿದ ಮೂವರು ಎಲ್ಲಿದ್ದಾರೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಅಂಥ ಹೊತ್ತಿನಲ್ಲಿ ಮೇಲಿನಿಂದ ಆಜ್ಞೆ ಬಂತು: ಸೈನ್ಯಕ್ಕೆ ಜನ ಕೊಟ್ಟ ಊರುಗಳಲ್ಲಿ, ಬಸ್ಸಿನವರಿಗೆ ಕಾಣುವಂತೆ, ರಸ್ತೆಯ ಪಕ್ಕದಲ್ಲಿ ಹೆಸರುಗಳನ್ನು ಕೆತ್ತಿದ ಒಂದು ಕಲ್ಲು ನಿಲ್ಲಿಸಬೇಕು. ಅದನ್ನು ನೋಡಿ ಇನ್ನಷ್ಟು ಜನ ಸೇರುತ್ತಾರೆಂಬುದು ಅವರ ಲೆಕ್ಕ. ಊರ ಮುಖ್ಯಸ್ಥ ರೆಡ್ಡಿ ಆಜ್ಞೆಯ ಕಾಗದವನ್ನು ನನ್ನ ಮೇಜಿನ ಮೇಲಿಟ್ಟ.

“ಪಂತುಲೂ, ನಾಕು ಅಕ್ಷರ ಬರ್ಕೊಡ್ರಿ. ಸಾಹೇಬ್ರಿಗೆ ಕಂಡ್ರ ಸಾಕು.”

ನನಗೆ ಸಾಕಾಗಲಿಲ್ಲ. ಒಂದು ವಾಕ್ಯಕ್ಕೆ ನಾಲ್ಕು ದಿನ ತೆಗೆದುಕೊಂಡೆ. ‘ಈ ಗ್ರಾಮದಿಂದ ಮಹಾಯುದ್ಧಕ್ಕೆ ತೆರಳಿದ ಐವರ ಹೆಸರುಗಳು ಇವು’ ಎಂದು ಕೊನೆಗೆ ನಿಂತಿತು. ಕೆಳಗೆ ಐದು ಹೆಸರು, ವರ್ಣಮಾಲೆಯ ಕ್ರಮದಲ್ಲಿ.

ಕಲ್ಲುಕುಟಿಗ ಗೋನೆಗಂಡ್ಲದ ಕಡೆಯವನು, ವಯಸ್ಸಾದವನು, ತೆಲುಗು ಬೆರೆಸಿ ಮಾತಾಡುವವನು. ರಸ್ತೆ ಬಾಗಿನ ಬೇವಿನ ಮರದ ಕೆಳಗೆ ಬಿಡಾರ ಹೂಡಿದ್ದ. ಅವನಿಗೆ ಓದು ಬಾರದು; ನಾನು ಸೀಮೆಸುಣ್ಣದಲ್ಲಿ ಬರೆದ ಗೆರೆಗಳ ಮೇಲೆ ಉಳಿ ನಡೆಸುತ್ತಿದ್ದ. ಹೆಸರುಗಳನ್ನು ಬರೆದು ಮುಗಿಸಿದಾಗ ಕೇಳಿದ:

“ಇದ್ರಾಗ ಸತ್ತೋರು ಯಾರು, ಇದ್ದೋರು ಯಾರು ಪಂತುಲೂ?”

ಎರಡನೆಯವನು, ನಾಲ್ಕನೆಯವನು ಸತ್ತವರು ಎಂದೆ.

“ಅಟ್ಲಯಿತೇ, ಹಂಗಾದ್ರ ಎರಡು ಕಲ್ಲು ಮಾಡೋಣ. ಸತ್ತೋರಿಗೆ ನಿಂದ್ರೋ ಕಲ್ಲು. ಇದ್ದೋರಿಗೆ ಮಲಗೋ ಕಲ್ಲು, ಬಾವಿ ಮೆಟ್ಟಿಲಿಗೋ ಕಟ್ಟಿಗೋ ಹಾಕಿದ್ರಾತು. ಮಾ ನಾಯನ, ಅವರಪ್ಪನ ಕಾಲದಿಂದ ಹಂಗs ಮಾಡ್ಕೋತ ಬಂದೀವಿ. ಇದ್ದ ಮನಿಷಾನ ಹೆಸರು ರಸ್ತಿ ಪಕ್ಕ ನಿಂದ್ರಸೋದಿಲ್ಲ.”

“ಆಜ್ಞೆಯಲ್ಲಿ ಒಂದೇ ಕಲ್ಲು ಎಂದಿದೆ.”

“ಹೋಗ್ಲಿ, ಒಂದs ಇರ್ಲಿ. ಸತ್ತೋರಿಬ್ರೂನ ಮ್ಯಾಲ ಬರೀರಿ, ಇದ್ದೋರ್ನ ಕೆಳಗ. ನಡುವ ಒಂದು ಗೇಣು ಬಿಡ್ತೀನಿ. ನಾಳಿ ಏನರ ಆದ್ರ ಕೊಯ್ಯಾಕ ಬರ್ತದ.”

ವರ್ಣಮಾಲೆಯ ಕ್ರಮವನ್ನು ಅವನಿಗೆ ವಿವರಿಸಿದೆ. ಅವನು ಉಳಿಯನ್ನು ಹೆಬ್ಬೆರಳಿಗೆ ಒರೆಸಿ ನೋಡಿಕೊಂಡು ನಕ್ಕ.

“ನಿಮ್ಮ ಅಕ್ಷರಕ್ಕ ಸತ್ತೋರ್ಯಾರು ಇದ್ದೋರ್ಯಾರು ಗೊತ್ತಾಗಲ್ಲೇನು ಸ್ವಾಮೀ? ಭಾಳ ಓದಿದ ಅಕ್ಷರ ಬಿಡ್ರಿ.”

ನಾನು ನಗಲಿಲ್ಲ. ಅವನು ನಾನು ಹೇಳಿದಂತೆಯೇ ಕೊರೆದ.

ಕೆಲಸ ಮುಗಿದ ದಿನ ಮಧ್ಯಾಹ್ನ ಮೂರನೆಯ ಹೆಸರಿನವನ ಹೆಂಡತಿ ಶಾಲೆಗೆ ಬಂದಳು. ಇಪ್ಪತ್ತೈದರ ಆಸುಪಾಸಿನವಳು. ಗಂಡನಿಂದ ಬಂದ ಪ್ರತಿಯೊಂದು ಕಾಗದವನ್ನೂ ಅವಳಿಗೆ ಓದಿದವನು, ಅವಳ ಉತ್ತರಗಳನ್ನು ಬರೆದವನು ನಾನು. ಕಳೆದ ಎಂಟು ತಿಂಗಳಿಂದ ಯಾವ ಕಾಗದವೂ ಬಂದಿರಲಿಲ್ಲವೆಂಬುದು ನನಗೂ ಅವಳಿಗೂ ಒಂದೇ ಸಮನಾಗಿ ಗೊತ್ತಿತ್ತು. ಹೊಸ್ತಿಲಾಚೆ ನಿಂತೇ ಕೇಳಿದಳು:

“ಮಾಸ್ತರ್ರ, ನನ್ನ ಗಂಡನ ಹೆಸರು ಆ ಕಲ್ಲಿನ ಮ್ಯಾಗ ಐತೆಂತ?”

“ಇದೆಯಮ್ಮ. ಅದು ಗೌರವ.”

“ಆತ ಸತ್ತಾನೇನ್ರಿ?”

“ಇಲ್ಲ. ಯುದ್ಧಕ್ಕೆ ಸೇರಿದವರೆಲ್ಲರ ಪಟ್ಟಿ ಅದು. ಮೊದಲನೆಯ ಸಾಲಿನಲ್ಲೇ ಸ್ಪಷ್ಟವಾಗಿ ಬರೆದಿದ್ದೇನೆ.”

“ಓದೋರು ಯಾರದಾರ್ರಿ ಇಲ್ಲಿ? ಕಲ್ಲು ನೋಡ್ತಾರ, ಕಂಬಳಿ ಕೈಯಾಗ ಹಿಡೀತಾರ. ಅಮಾಸಿ ಬಂದ್ರ ನಮ್ಮ ಭಾವ ಎಡಿ ಹಿಡ್ಕೊಂಡು ಬರ್ತಾನ. ಅಲ್ಲಿಗೆ ಮುಗೀತು ನೋಡ್ರಿ ನನ್ನ ಬಾಳ್ವಿ.”

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಅವಳ ಗಂಡ, ಭಾವ ಅಣ್ಣತಮ್ಮಂದಿರಿಬ್ಬರದೂ ಒಂದೇ ಕುರಿಹಿಂಡು. ಅವರ ಕುಲದ ಕಟ್ಟಳೆಯಂತೆ, ಗಂಡ ಬದುಕಿರುವವರೆಗೆ ಅವಳ ಒಲೆ ಬೇರೆ, ಹಿಂಡಿನಲ್ಲಿ ಅವಳ ಪಾಲು ಬೇರೆ. ಗಂಡ ಸತ್ತನೆಂದಾದರೆ ಪಾಲು ಭಾವನಿಗೆ ಸೇರುತ್ತದೆ, ಅವಳು ನಂದವರಂ ಕಡೆಯ ತವರಿಗೆ ಮರಳಬೇಕು, ಇಲ್ಲವೇ ಹಿರಿಯರು ಹೇಳಿದವನೊಡನೆ ಉಡಿಕೆಯ ಮರುಮದುವೆಯಾಗಬೇಕು. ಸತ್ತನೆಂದು ತೀರ್ಮಾನಿಸಲು ಕಾಗದ ಬೇಕಿರಲಿಲ್ಲ. ಅವನ ಹೆಸರಿಗೆ ನಿಂತ ಕಲ್ಲಿನ ಮುಂದೆ ಒಡಹುಟ್ಟಿದವನು ಒಂದು ಸಲ ಎಡೆಯಿಟ್ಟರೆ ಸಾಕು. ಈ ಊರಿನಲ್ಲಿ ಒಂಬತ್ತು ವರ್ಷ ಕಲಿಸಿದ್ದ ನಾನು ಇದನ್ನು ಕೇಳಿ ತಿಳಿದಿರಲಿಲ್ಲ.

ಅವಳನ್ನು ಕರೆದುಕೊಂಡೇ ಕಲ್ಲುಕುಟಿಗನ ಬಳಿ ಹೋದೆ. ಮೂರನೆಯ ಹೆಸರನ್ನು ಅಳಿಸೆಂದೆ. ಅವನು ಉಳಿಯನ್ನು ಚೀಲಕ್ಕೆ ಹಾಕಿಬಿಟ್ಟ.

“ಕೊರೆದ ಹೆಸರು ಅಳಿಸೋದಿಲ್ಲ ಸ್ವಾಮೀ. ಅಳಿಸಿದ್ರ ನಾನs ಆತನ ಉಸಿರು ತಗದಂಗ. ನನಗೂ ಹೆಂಡ್ತಿ ಮಕ್ಕಳು ಅದಾರ.”

“ಹಾಗಾದರೆ ಕೊಯ್ದು ಬೇರೆ ಮಾಡು.”

ನೆಲದ ಮೇಲೆ ಇನ್ನೂ ಮಲಗಿಸಿದ್ದ ಕಲ್ಲಿನ ಮೇಲೆ ಅವನು ಅಂಗೈಯನ್ನು ಅಡ್ಡವಾಗಿಟ್ಟು, ಒಂದೊಂದು ಸಾಲಿಗೂ ಸರಿಸುತ್ತ ಹೋದ. “ಇಲ್ಲಿ ಇದ್ದೋನು. ಇಲ್ಲಿ ಸತ್ತೋನು. ಈಯಮ್ಮನ ಗಂಡ ನಡುವ. ಮತ್ತ ಸತ್ತೋನು. ಮತ್ತ ಇದ್ದೋನು. ಎಲ್ಲಿ ಕೊಯ್ಲಿ ಹೇಳ್ರಿ?”

ನಾನು ಐದು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಎಣಿಸಿದೆ.

“ಹಂಗಾದ್ರ ಮಲಗೇ ಇರ್ಲಿ ಕಲ್ಲು,” ಎಂದಳು ಅವಳು. “ಮಲಗಿರೋತನಕ ಇದ್ದೋರ ಕಲ್ಲಲ್ಲೇನಪ್ಪಾ ಇದು?”

“ಹೌದಮ್ಮಾ,” ಎಂದ ಅವನು.

“ಯಾವ ಸಾಲು ಆತಂದು, ತೋರ್ಸ್ರಿ ಮಾಸ್ತರ್ರ.”

ತೋರಿಸಿದೆ. ಅವಳು ಅದರ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಕುಳಿತಳು.

ಎರಡು ದಿನ ಕುಳಿತಳು. ಬೆಳಗಾಗುತ್ತಲೇ ಬುತ್ತಿ ತರುವಳು. ಕದಿರು ಹಿಡಿದು ಉಣ್ಣೆ ನೂಲುತ್ತ ಹೊತ್ತು ಮುಳುಗುವವರೆಗೆ ಇರುವಳು. ರಸ್ತೆಯಲ್ಲಿ ಹೋಗುವವರಿಗೆಲ್ಲ ಅದೊಂದು ನೋಟವಾಯಿತು. ಇದ್ದಲಿನ ಹೊಗೆಯಿಂದ ಓಡುತ್ತಿದ್ದ ಯುದ್ಧಕಾಲದ ಬಸ್ಸು ಏದುಸಿರು ಬಿಡುತ್ತ ಬಾಗಿನಲ್ಲಿ ನಿಧಾನವಾದಾಗ ಜನ ಕತ್ತು ಹೊರಹಾಕಿ ನೋಡುತ್ತಿದ್ದರು. ಭಾವ ಬೇವಿನ ನೆರಳಿಗೆ ಬಂದು ನಿಂತ.

“ಏಳವ್ವಾ ಮಾರಾಣಿ, ಸಿಂಹಾಸನ ಬಿಟ್ಟು. ಕುರಿ ಹಾಲು ಹಿಂಡೋರ್ಯಾರು?”

“ನಿನ್ನ ಹೆಸರು ಕೊರಸ್ತೀನಿ ಬಾ ಭಾವಾ ಇದರ ಮ್ಯಾಗ. ಆಮ್ಯಾಲ ಏಳ್ತೀನಿ.”

ಕಲ್ಲುಕುಟಿಗನೂ ಸೇರಿ ಎಲ್ಲರೂ ನಕ್ಕರು. ನಾಲ್ಕನೆಯ ಹೆಸರಿನವನ ತಾಯಿ ನಗಲಿಲ್ಲ. ಆ ಮುದುಕಿ ಕೋಲೂರಿಕೊಂಡು ಬಂದು ಅವಳೆದುರು ನಿಂತಿದ್ದಳು.

“ನಿನ್ನ ಕುಂಡಿ ಕೆಳಗ ನನ್ನ ಮಗನ ಹೆಸರು ಐತೆಬೇ. ಏಳು. ನನ್ನ ಮಗಗ ಕಲ್ಲು ನಿಂದ್ರಬೇಕು. ಆತನ ಹೆಣಾನೂ ನಾ ಕಾಣಲಿಲ್ಲ.”

“ಇಲ್ಲ ಯವ್ವಾ, ನೋಡು ಬಾ.” ಅವಳು ಕಂಬಳಿಯ ಅಂಚನ್ನು ಎತ್ತಿ ತೋರಿಸಿದಳು. “ನಿನ್ನ ಮಗನ್ನ ಮುಟ್ಟಿಲ್ಲ. ಇದೊಂದs ಸಾಲು ನಂದು. ಮಾಸ್ತರು ತೋರ್ಸ್ಯಾರ.”

ಮುದುಕಿ ಬಗ್ಗಿ ನೋಡಿದಳು. ಓದು ಬಾರದ ಇಬ್ಬರೂ ನನ್ನ ಅಕ್ಷರಗಳನ್ನು ಬೆರಳಿನಿಂದ ಅಳೆದರು. ಆಮೇಲೆ ಮುದುಕಿ ನನ್ನ ಕಡೆಗೆ ತಿರುಗಿ, “ಇಬ್ಬರಿಗೂ ಬರೋಬ್ಬರಿ ಮಾಡಿ ಇಟ್ಟೀಯಪ್ಪಾ,” ಎಂದಳು.

ಮೇಲಧಿಕಾರಿ ಬಂದು ಕಲ್ಲಿನ ಮುಸುಕು ತೆಗೆಯುವ ದಿನ ಗೊತ್ತಾಗಿಹೋಗಿತ್ತು. ಮುಂದೂಡಬೇಕೆಂದು ನಾಲ್ಕು ಮನವಿಗಳನ್ನು ಬರೆದೆ, ನಾಲ್ಕನ್ನೂ ಹರಿದೆ. ಕಾರಣ ಕಾಣಿಸದೆ ಮನವಿ ಸಲ್ಲಿಸುವಂತಿಲ್ಲ. ಕಾರಣ ಬರೆದರೆ, ಪಟ್ಟಿಯನ್ನು ಸಿದ್ಧಪಡಿಸಿ ಸಹಿ ಹಾಕಿದವನ, ಅಂದರೆ ನನ್ನ, ಹೆಸರನ್ನೂ ಬರೆಯಬೇಕು. ರೆಡ್ಡಿ ಮನೆಗೇ ಬಂದ.

“ಕಲ್ಲು ನಾಳಿ ನಿಂತಿರಬೇಕು. ನೀವು ಎಬ್ಬಿಸ್ತೀರೋ, ಪೊಲೀಸ್ರು ರಟ್ಟಿ ಹಿಡಿದು ಎಬ್ಬಿಸ್ಬೇಕೋ ಹೇಳಿಬಿಡ್ರಿ.”

ಬೆಳಗ್ಗೆ ನಾನೇ ಹೋದೆ. ಅವಳು ಆಗಲೇ ಬಂದು ಕುಳಿತಿದ್ದಳು. ಹಗ್ಗ, ಹಾರೆ ಹಿಡಿದ ನಾಲ್ವರು ಆಳುಗಳು ಸ್ವಲ್ಪ ದೂರದಲ್ಲಿ ಬೀಡಿ ಸೇದುತ್ತಿದ್ದರು.

“ಏಳಮ್ಮ. ಪೊಲೀಸರು ಬರುತ್ತಾರೆ.”

“ಎದ್ರ ಆತ ಸತ್ತಂಗ.”

“ಸತ್ತಿಲ್ಲವೆಂದು ನಾನು ಹೇಳುತ್ತೇನೆ. ಯಾರು ಕೇಳಿದರೂ ಹೇಳುತ್ತೇನೆ.”

“ಬಾಯಿಲೆ ಹೇಳಿದ್ದು ಯಾರ ಕೇಳ್ತಾರ್ರಿ? ಸರ್ಕಾರದೋರು ಬರೆದಿದ್ದಕ್ಕ ಕಲ್ಲು ಏಳಾಕ ಹತ್ತೈತಿ. ನೀವೂ ಬರ್ಕೊಡ್ರಿ, ಆತ ಅದಾನಂತ.”

“ನನಗೆ ತಿಳಿಯದ್ದನ್ನು ಹೇಗೆ ಬರೆಯಲಿ?”

“ಕಲ್ಲಿನ ಮ್ಯಾಗ ಬರ್ಯಾಗ ತಿಳಿದಿತ್ತೇನ್ರಿ?”

ಶಾಲೆಗೆ ಹೋಗಿ ಕಾಗದ, ಶಾಯಿ ತಂದೆ. ಕಲ್ಲಿನ ಅಂಚಿನ ಮೇಲೆ ಕಾಗದವಿಟ್ಟು ಬರೆದೆ: ‘ಈ ಕಲ್ಲಿನಲ್ಲಿ ಮೂರನೆಯದಾಗಿ ಯಾರ ಹೆಸರು ಕೆತ್ತಲ್ಪಟ್ಟಿದೆಯೋ ಆ ಮನುಷ್ಯನು ಜೀವಂತನಾಗಿದ್ದಾನೆ. ಆತನ ಹೆಸರಿಗೆ ಯಾರೂ ಎಡೆ ಇಡತಕ್ಕದ್ದಲ್ಲ. ಇದಕ್ಕೆ ನಾನು ಜವಾಬ್ದಾರನು.’ ಸಹಿ ಹಾಕಿದೆ. “ಮುದ್ರಿನೂ ಒತ್ರಿ,” ಎಂದಳು. ಮತ್ತೆ ಶಾಲೆಗೆ ಹೋಗಿ ಶಾಲೆಯ ಮುದ್ರೆಯನ್ನು ಒತ್ತಿಕೊಂಡು ಬಂದೆ. ನಿಜವೋ ಸುಳ್ಳೋ ಎಂದು ತಿಳಿಯದ ವಾಕ್ಯಕ್ಕೆ ನಾನು ಪೂರ್ಣವಿರಾಮ ಹಾಕಿದ್ದು ಅದೇ ಮೊದಲು. ಅವಳು ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಕಂಬಳಿ ಮಡಚಿದಳು, ಎದ್ದಳು. ಆಳುಗಳು ಬೀಡಿ ಎಸೆದು ಬಂದರು. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಮೋಟಾರಿನಲ್ಲಿ ಬಂದು, ಮುಸುಕು ಎಳೆದು, ವಾಕ್ಯ ಚೆನ್ನಾಗಿದೆಯೆಂದು ತೆಲುಗಿನಲ್ಲಿ ಹೇಳಿ ಹೋದರು.

ಆ ವರ್ಷದ ಮಹಾಲಯ ಅಮಾವಾಸ್ಯೆಯಂದು ಅವಳು ನನ್ನನ್ನು ತರಗತಿಯಿಂದ ಕರೆಸಿದಳು. ರಸ್ತೆ ಬಾಗಿನಲ್ಲಿ ಕುಲದ ಹಿರಿಯರು ಸೇರಿದ್ದರು. ಸತ್ತ ಇಬ್ಬರ ಮನೆಯವರು ಎಡೆಯಿಟ್ಟಾಗಿತ್ತು. ಭಾವ ಎಲೆ ಹಿಡಿದು ಮುಂದೆ ಬಂದ. ಅವಳು ಸೆರಗಿನ ಗಂಟು ಬಿಚ್ಚಿ ಕಾಗದವನ್ನು ನನ್ನ ಕೈಗೆ ಕೊಟ್ಟಳು. “ಓದ್ರಿ ಮಾಸ್ತರ್ರ.”

ಓದಿದೆ. ಹಿರಿಯರಲ್ಲಿ ಒಬ್ಬಾತ ಕಿವಿಗೆ ಕೈಯಿಟ್ಟು ಇನ್ನೊಮ್ಮೆ ಓದಿಸಿದ. ಆಮೇಲೆ ಭಾವನಿಗೆ ಹೇಳಿದ:

“ಎಡಿ ತೆಗಿಯೋ. ಇಷ್ಟು ಓದಿದೋರು ಜವಾಬ್ದಾರಿ ಹೊತ್ತಾರ.”

“ಆತಪ್ಪಾ,” ಎಂದ ಭಾವ. “ಮಾಸ್ತರು ಊರಾಗ ಇರೋತನಕ ಹಂಗs ಇರ್ಲಿ. ಅವ್ರು ಹೋದ ಮ್ಯಾಲ ಜವಾಬ್ದಾರಿ ಯಾರದು? ಅದೂ ಹೇಳ್ರಿ.”

ಹಿರಿಯರು ತಮ್ಮಲ್ಲೇ ಮಾತಾಡಿಕೊಂಡರು. ಊರು ಬಿಟ್ಟವನ ಜವಾಬ್ದಾರಿ ಊರಿಗೆ ಸಲ್ಲದು. ಮಾಸ್ತರು ಇಲ್ಲಿ ಒಲೆ ಹೂಡಿರುವಷ್ಟು ಕಾಲ, ಪ್ರತಿ ಮಹಾಲಯ ಅಮಾವಾಸ್ಯೆಗೆ ತಾವೇ ಬಂದು ಓದುವಷ್ಟು ಕಾಲ, ಆ ಮನುಷ್ಯ ಬದುಕಿರುವವನು. ಹೀಗೆ ತೀರ್ಪಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಏನು ಹೇಳಬಹುದಾಗಿತ್ತೋ ಅರಿಯೆ.

ಮುಂದಿನ ವರ್ಷವೂ ಓದಿದೆ. ಅದರ ಮರುವರ್ಷ ನನಗೆ ನಂದವರಂ ಶಾಲೆಗೆ ವರ್ಗವಾಯಿತು, ಮುಖ್ಯೋಪಾಧ್ಯಾಯನಾಗಿ. ಅಲ್ಲಿ ಮೂವರು ಸಹೋಪಾಧ್ಯಾಯರು, ಹೆಂಚಿನ ಕಟ್ಟಡ, ಬೀಗವಿರುವ ಪುಸ್ತಕದ ಕಪಾಟು. ನನ್ನ ಹೆಂಡತಿ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅಡುಗೆಮನೆಯಲ್ಲಿ ಗುನುಗುತ್ತ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿಟ್ಟಳು. ಗಾಡಿ ಬಂತು. ಗಾಡಿಯ ಹಿಂದೆಯೇ, ಕರೆಯದಿದ್ದರೂ, ಭಾವ ಬಂದ. ಹಾಸಿಗೆಯ ಸುರುಳಿಯನ್ನು ತಾನೇ ಎತ್ತಿಕೊಟ್ಟ, ಹಗ್ಗವನ್ನು ಮೊಣಕಾಲಿನಿಂದ ಒತ್ತಿ ಬಿಗಿದ.

“ಗಂಟು ಗಟ್ಟಿ ಕಟ್ರಪ್ಪೋ. ಮಾಸ್ತರಿಗೆ ದೂರದ ಹಾದಿ ಐತಿ.”

ಅವಳೂ ಬಂದಿದ್ದಳು. ಬೇಲಿಯ ಆಚೆ ನಿಂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ನನ್ನ ಹೆಂಡತಿಗೆ ಮಾತ್ರ, “ಹಾದಿಯಾಗ ಮಜ್ಜಿಗಿ ಕುಡೀರಿ ಅಕ್ಕಾ,” ಎಂದು ಒಂದು ತಂಬಿಗೆ ಕೊಟ್ಟಳು. ಅವಳ ಎರಡೂ ಕೈಗಳಲ್ಲಿ ಹಸಿರು ಬಳೆಗಳಿದ್ದವು. ಭಾವ ಕಟ್ಟಿದ ಗಂಟನ್ನು ನಾನು ಬಿಚ್ಚತೊಡಗಿದೆ. ಅವನು ನಿಜವಾಗಿಯೂ ಗಟ್ಟಿಯಾಗಿ ಕಟ್ಟಿದ್ದ, ಕುಡುಗೋಲು ತರಬೇಕಾಯಿತು.

ವರ್ಗವನ್ನು ನಿರಾಕರಿಸಲು ಬರುವುದಿಲ್ಲವೆಂದು ಮೇಲಿನವರು ತಿಳಿಸಿದರು. ರಾಜೀನಾಮೆ ಕೊಟ್ಟೆ. ಶಾಲೆಗೆ ಬೇರೊಬ್ಬ ತರುಣ ಬಂದ. ನಾನು ಅದರ ಎದುರು ಮನೆಯಲ್ಲೇ ಉಳಿದು, ಜನರಿಗೆ ಅರ್ಜಿ ಬರೆದುಕೊಟ್ಟು ಬದುಕತೊಡಗಿದೆ. ಆ ತರುಣನ ಹಾಜರಿ ಪಟ್ಟಿ ಯಾವ ಕ್ರಮದಲ್ಲೂ ಇರಲಿಲ್ಲ. ಮಕ್ಕಳಿಗೆ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ. ನನ್ನ ಹೆಂಡತಿ ಗುನುಗುವುದನ್ನು ಬಿಟ್ಟಳು.

“ಆಕಿ ಗಂಡ ಬರ್ಬೇಕಿತ್ತು, ಇಲ್ಲಾ ನನ್ನ ಗಂಡ ಹೋಗ್ಬೇಕಿತ್ತು,” ಎಂದು ಬಾವಿಯ ಬಳಿ ಹೇಳಿದಳಂತೆ. “ಎರಡರಾಗ ಒಂದೂ ಆಗ್ಲಿಲ್ಲ ನೋಡ್ರಿ.”

ಯುದ್ಧ ಮುಗಿಯಿತು. ಮೊದಲನೆಯ ಮತ್ತು ಐದನೆಯ ಹೆಸರಿನವರು ಮರಳಿದರು. ಬಸ್ಸಿನಿಂದ ಇಳಿದವರನ್ನು ಹಿರಿಯರು ಊರೊಳಗೆ ಬಿಡದೆ ಮೊದಲು ಕಲ್ಲಿನ ಬಳಿಗೆ ಕರೆದೊಯ್ದರು. ತಮ್ಮ ತಮ್ಮ ಹೆಸರಿನ ಮೇಲೆ ತಾವೇ ಒಂದು ಕೊಡ ನೀರು ಸುರಿದು, ಹಿಂದಿರುಗಿ ನೋಡದೆ ಮನೆಗೆ ನಡೆಯಬೇಕೆಂದರು. ಹಾಗೆ ಮಾಡಿದರು. ಐದನೆಯವನು ಮೂರನೆಯವನನ್ನು ಕೊನೆಗೆ ಕಂಡದ್ದು ಯಾವುದೋ ಬಂದರಿನಲ್ಲಿ, ಲಾರಿ ಹತ್ತುತ್ತಿದ್ದಾಗ. “ಕೈ ಬೀಸಿದ್ದ,” ಎಂದ. ಅಷ್ಟೇ. ನಾನು ಮೇಲಿಂದ ಮೇಲೆ ಕಾಗದ ಬರೆದೆ. ವಿಚಾರಣೆ ನಡೆಯುತ್ತಿದೆಯೆಂಬ ಉತ್ತರ ಎರಡು ಸಲ ಬಂತು, ಮೂರನೆಯ ಸಲ ಬರಲಿಲ್ಲ. ಸ್ವಾತಂತ್ರ್ಯ ಬಂದು ಧ್ವಜ ಬದಲಾಯಿತು. ಆ ಕಲ್ಲು ಯಾವ ಸರ್ಕಾರದ್ದೆಂದು ಈಗ ಯಾರೂ ಕೇಳುವುದಿಲ್ಲ.

ಪ್ರತಿ ವರ್ಷದ ಮಹಾಲಯ ಅಮಾವಾಸ್ಯೆಗೆ ಓದಿದೆ. ಪ್ರತಿ ಸಲವೂ ‘ಜೀವಂತನಾಗಿದ್ದಾನೆ’ ಎಂಬಲ್ಲಿಗೆ ಬಂದಾಗ ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಕಾಗದ ನೋಡುತ್ತಿದ್ದೆ.

ಹೋದ ಮಹಾಲಯ ಅಮಾವಾಸ್ಯೆಯಂದು, ಎಂದಿನಂತೆ, ಕನ್ನಡಕ ಹಾಕಿಕೊಂಡು ಕೈ ಚಾಚಿದೆ. ಅವಳು ಗಂಟು ಬಿಚ್ಚಿದಳು. ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಮುದ್ರೆಯ ಶಾಯಿ ಬೆವರಿಗೆ ಕರಗಿ ನೀಲಿ ಕಲೆಯಷ್ಟೇ ಉಳಿದಿತ್ತು. ಅವಳು ಅದನ್ನು ನನಗೆ ಕೊಡಲಿಲ್ಲ.

“ಕೂಡ್ರಿ ಮಾಸ್ತರ್ರ,” ಎಂದಳು.

ಆಮೇಲೆ, ಕಲ್ಲಿನ ಎದುರು ನಿಂತು, ನನ್ನ ವಾಕ್ಯಗಳನ್ನು ನನ್ನದೇ ಧಾಟಿಯಲ್ಲಿ, ಒಂದಕ್ಷರ ತೊದಲದೆ ಹೇಳಿದಳು. ಕೊನೆಯ ವಾಕ್ಯಕ್ಕೆ ಬಂದಾಗ ಮಾತ್ರ ತನ್ನ ಮಾತಿಗೆ ಮರಳಿದಳು:

“ಇದಕ್ಕ ನಾನs ಜವಾಬ್ದಾರಿ.”

ಕಿವಿಗೆ ಕೈಯಿಡುತ್ತಿದ್ದ ಹಿರಿಯ ಈಗಿಲ್ಲ. ಅವನ ಸ್ಥಾನದಲ್ಲಿ ಕುಳಿತವರು ಭಾವನ ಕಡೆ ನೋಡಿದರು. ಅವನ ತಲೆಯೂ ನೆರೆತಿದೆ. ಅವನು ಎಲೆ ಹಿಡಿದು ಕಲ್ಲಿನವರೆಗೆ ಬಂದ. ಆಮೇಲೆ ಅದನ್ನು ನಾಲ್ಕನೆಯ ಹೆಸರಿನವನ ಮುದಿ ತಾಯಿಯ ಕೈಗೆ ಕೊಟ್ಟು, “ನಿನ್ನ ಮಗನ ಎಡಿ ಜೋಡಿ ಇಡಬೇ, ಅವಗ ಹಸಿವು ಭಾಳ ಇತ್ತು,” ಎಂದು ಕುರಿಗಳ ಕಡೆಗೆ ಹೋದ.

ಅವಳು ಕಾಗದದ ತುಂಡುಗಳನ್ನು ಮತ್ತೆ ಗಂಟು ಹಾಕಿಕೊಂಡು ನನ್ನ ಬಳಿ ಬಂದಳು.

“ಇನ್ನ ನೀವು ಹೋಗ್ರಿ ಮಾಸ್ತರ್ರ. ಬಾಯಿಪಾಠ ಆಗೇತಿ. ಅಕ್ಕ ಎಷ್ಟು ವರ್ಷ ಅಂತ ನನ್ನ ಬೈಬೇಕು?”

ಅವಳು ನನ್ನನ್ನು ಬಿಡಿಸಿದಳು. ಊರೂ ಒಪ್ಪಿತು. ನಾನು ಅಲ್ಲೇ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದೆ. ಕೌತಾಳಂ ಕಡೆಯಿಂದ ಬಸ್ಸು ಬಂತು. ನನ್ನನ್ನು ನೋಡಿ ನಿಂತಿತು. “ಆದವಾನಿಗೇನ್ರಿ ಮಾಸ್ತರ್ರ?” ಎಂದು ಕಂಡಕ್ಟರು ಕೇಳಿದ. ಇಲ್ಲವೆಂದು ಕೈಯಾಡಿಸಿದೆ. ಧೂಳು ಅಡಗಿದ ಮೇಲೆ ಆರನೆಯ ಕಲ್ಲು ಕಾಣಿಸಿತು. ನನ್ನ ಐದು ಸಾಲುಗಳು ನೆಟ್ಟಗೆ, ಸಮಾನ ಅಂತರದಲ್ಲಿ, ಇದ್ದ ಹಾಗೆಯೇ ಇದ್ದವು.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಹೆಂಡತಿ ಅಟ್ಟದಿಂದ ಹಗ್ಗದ ಸುರುಳಿಯನ್ನು ಇಳಿಸಿ ನಡುಮನೆಯಲ್ಲಿಟ್ಟುಕೊಂಡು ಕುಳಿತಿದ್ದಳು.

“ಕಟ್ಲೇನ್ರಿ?” ಎಂದಳು.

ಕಟ್ಟು ಎನ್ನಬೇಕಾಗಿತ್ತು. ನಾಳೆ ಹೇಳುತ್ತೇನೆ ಎಂದೆ. ಅದಾಗಿ ಐದು ತಿಂಗಳಾಯಿತು. ಹಗ್ಗ ಇನ್ನೂ ನಡುಮನೆಯಲ್ಲೇ ಇದೆ; ಅವಳು ಗುಡಿಸುವಾಗ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಾಳೆ.